ಹಳೆಯ ಪೋರ್ಷೆ 911 ಬಂಪರಿಗೆ ಅಲ್ಯೂಮಿನಿಯಂ ಪಟ್ಟಿ ಕೂರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಡಿ ಬಣ್ಣದ ಉಕ್ಕಿನ ಬಂಪರ್, ಅದರ ಮೇಲೆ ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಪಟ್ಟಿ, ಪಟ್ಟಿಯ ನಡುವೆ ಕಪ್ಪು ರಬ್ಬರ್. ಹಳೆಯ 911ರ ಮುಖಕ್ಕೆ ಕಳೆ ಕೊಡುವುದು ಈ ತೆಳ್ಳನೆಯ ಗೆರೆಯೇ. ಗೆರೆ ಒಂದು ಕಡೆ ಎರಡು ಮಿಲಿಮೀಟರ್ ಮೇಲೆದ್ದರೂ ಹತ್ತು ಹೆಜ್ಜೆ ದೂರದಿಂದ ಕಾಣುತ್ತದೆ. ಕಾರಿನ ಕೆಲಸವೆಲ್ಲ ಮುಗಿದ ಮೇಲೆ ಕೊನೆಯ ಸಂಜೆ ಕೂರಿಸಿಬಿಡೋಣ ಎಂದು ಇದನ್ನು ಎತ್ತಿಡುವವರೇ ಹೆಚ್ಚು, ತೊಂದರೆ ಹುಟ್ಟುವುದೂ ಅಲ್ಲಿಂದಲೇ. ಪಟ್ಟಿ ಚೆನ್ನಾಗಿ ಕೂರುತ್ತದೋ ಇಲ್ಲವೋ ಎನ್ನುವುದು ಬಂಪರಿಗೆ ಬಣ್ಣ ಬೀಳುವ ಮೊದಲೇ ತೀರ್ಮಾನವಾಗಿರುತ್ತದೆ.

ಯಾವ ಕಾರುಗಳಿಗೆ ಇದು ಅನ್ವಯಿಸುತ್ತದೆ?

1963ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ 901 ಎಂಬ ಹೆಸರಿನಲ್ಲಿ ಕಾಣಿಸಿಕೊಂಡು, 1964ರಲ್ಲಿ 911 ಆಗಿ ತಯಾರಿಕೆಗೆ ಬಂದ ಕಾರಿನಿಂದ ಹಿಡಿದು 1973ರ ಮಾಡೆಲ್‌ವರೆಗೆ. ಅದೇ ಬಾಡಿಯ ನಾಲ್ಕು ಸಿಲಿಂಡರಿನ 912ಕ್ಕೂ ಇದೇ ಕ್ರಮ. 1974ರ ಮಾಡೆಲ್‌ನಿಂದ ಅಮೆರಿಕದ ಡಿಕ್ಕಿ ನಿಯಮಗಳಿಗೆ ತಕ್ಕಂತೆ ಬಂಪರ್ ಪೂರ್ತಿ ಬದಲಾಯಿತು. ಬಂಪರೇ ಅಲ್ಯೂಮಿನಿಯಂ ಆಗಿ, ಪಕ್ಕದಲ್ಲಿ ರಬ್ಬರ್ ಮಡಿಕೆಗಳು ಬಂದವು. ಆ ಕಾರುಗಳ ಲೆಕ್ಕವೇ ಬೇರೆ.

ಪಟ್ಟಿ ಕೊಳ್ಳುವಾಗ ಯಾವುದನ್ನು ನೋಡಬೇಕು?

ಮೊದಲು ವರ್ಷ. 1969ರ ಮಾಡೆಲ್‌ನಲ್ಲಿ ಚಕ್ರಾಂತರ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) 2211 ಮಿ.ಮೀ.ನಿಂದ 2268 ಮಿ.ಮೀ.ಗೆ ಬೆಳೆಯಿತು, ಚಕ್ರದ ಮೇಲಿನ ಕಮಾನುಗಳೂ ಸ್ವಲ್ಪ ಉಬ್ಬಿದವು. ಹೊಸ ಪಟ್ಟಿಗಳನ್ನು 1965–68 ಮತ್ತು 1969–73 ಎಂದು ಎರಡು ಗುಂಪಾಗಿ ಮಾರುವುದು ಇದಕ್ಕೇ. ಒಂದರದ್ದನ್ನು ಇನ್ನೊಂದಕ್ಕೆ ಒಗ್ಗಿಸಲು ಹೋದರೆ ತುದಿಯ ತಿರುವಿನಲ್ಲಿ ಸಿಕ್ಕಿಬೀಳುತ್ತೀರಿ.

ಎರಡನೆಯದು ಅಗಲ. ಕಿರಿದಾದ ರಬ್ಬರಿನ ಪಟ್ಟಿಯೂ ಇದೆ, ಅಗಲ ರಬ್ಬರಿನದೂ ಇದೆ. ಮುಂದೆ ಅಗಲದ್ದು, ಹಿಂದೆ ಕಿರಿದಾದದ್ದು ಹಾಕಿಕೊಂಡ ಕಾರುಗಳು ನಿಜಕ್ಕೂ ಓಡಾಡುತ್ತಿವೆ. ಬಿಡಿಬಿಡಿಯಾಗಿ ಕೊಂಡರೆ ಹೀಗಾಗುವುದು ಸುಲಭ. ಬಾಗಿಲ ಕೆಳಗಿನ ಪಟ್ಟಿಯೂ ಸೇರಿ ಇಡೀ ಕಾರಿಗೆ ಒಂದೇ ತಯಾರಕರಿಂದ ಒಟ್ಟಿಗೆ ಕೊಳ್ಳಿ. ಆನೋಡೈಸಿಂಗ್‌ನ (ವಿದ್ಯುತ್ ಹಾಯಿಸಿ ಅಲ್ಯೂಮಿನಿಯಂ ಮೇಲೆ ಗಟ್ಟಿ ರಕ್ಷಣಾ ಪದರ ಬೆಳೆಸುವುದು) ಹೊಳಪು ಒಬ್ಬೊಬ್ಬರದು ಒಂದೊಂದು ಥರ ಇರುತ್ತದೆ, ಬಿಸಿಲಿಗೆ ನಿಲ್ಲಿಸಿದಾಗ ವ್ಯತ್ಯಾಸ ಎದ್ದು ಕಾಣುತ್ತದೆ.

ಹಳೆಯ ಪಟ್ಟಿ ಉಳಿಸಿಕೊಳ್ಳಲೇ, ಹೊಸದು ಹಾಕಲೇ?

ಹಳೆಯದು ಸೀಳಿಲ್ಲದಿದ್ದರೆ, ಚಾನೆಲ್‌ನ (ಹಿಂಬದಿಯಲ್ಲಿ ಬೋಲ್ಟ್ ಕೂರುವ ಉದ್ದನೆಯ ತೋಡು) ತುಟಿ ಮುರಿದಿಲ್ಲದಿದ್ದರೆ, ಉಳಿಸಿಕೊಳ್ಳಿ. ಕಾರ್ಖಾನೆಯಿಂದ ಬಂದ ಪಟ್ಟಿಯ ತಿರುವು ಆ ಬಂಪರಿಗಾಗಿಯೇ ಬಾಗಿಸಿದ್ದು. ಹೊಸ ಪಟ್ಟಿಗಳಲ್ಲಿ ಒಳ್ಳೆಯವು ಇವೆ, ಆದರೆ ಬಂಪರಿಗೆ ಹಿಡಿದ ಕೂಡಲೇ ಕೂರುವಂಥವು ಅಪರೂಪ. ಮೇಲ್ಮೈ ಮಂಕಾಗಿರುವುದು, ಸಣ್ಣ ತಗ್ಗು, ಗೀರು, ಇವೆಲ್ಲ ಸರಿಹೋಗುವಂಥವು. ಹಿಂಬದಿಯಲ್ಲಿ ಬಿಳಿ ಪುಡಿ ಎದ್ದು ಲೋಹ ಕೊರೆದುಹೋಗಿದ್ದರೆ, ಉಗುರಿನಿಂದ ಒತ್ತಿದಾಗ ಕುಸಿಯುವಂತಿದ್ದರೆ, ಆಗ ಹೊಸದೇ ಸರಿ. ಆಗಲೂ ಹಳೆಯದನ್ನು ಎಸೆಯಬೇಡಿ. ಉದ್ದ, ತುದಿಯ ಓರೆ, ತಿರುವಿನ ಅಳತೆಗೆಲ್ಲ ಅದೇ ಅಚ್ಚು.

ಬಿಚ್ಚುವಾಗ ಬೋಲ್ಟ್ ಸುಮ್ಮನೆ ತಿರುಗುತ್ತದೆ. ಏನು ಮಾಡಲಿ?

ಪಟ್ಟಿಯ ಹಿಂಬದಿಯ ಚಾನೆಲ್‌ಗೆ ಚಪ್ಪಟೆ ತಲೆಯ ಟಿ-ಬೋಲ್ಟ್‌ಗಳನ್ನು ತೂರಿಸಿ, ಬಂಪರಿನ ರಂಧ್ರದಿಂದ ಒಳಗೆ ಹಾಯಿಸಿ, ಒಳಗಿನಿಂದ ನಟ್ ಬಿಗಿದಿರುತ್ತಾರೆ. ತಲೆ ತಿರುಗದಂತೆ ಹಿಡಿದಿರುವುದು ಚಾನೆಲ್‌ನ ಗೋಡೆ ಮಾತ್ರ, ಅದು ಮೆತ್ತನೆಯ ಅಲ್ಯೂಮಿನಿಯಂ. ತುಕ್ಕು ಹಿಡಿದ ನಟ್ಟನ್ನು ಜೋರು ಮಾಡಿ ತಿರುಗಿಸಿದರೆ ತಲೆ ಗೋಡೆಯನ್ನು ಅಗಲಿಸಿ ತಾನೂ ತಿರುಗುತ್ತದೆ, ಮುಂಭಾಗದಲ್ಲಿ ಒಂದು ಗುಬುಟು ಏಳುತ್ತದೆ.

ಮೊದಲು ಬಂಪರನ್ನು ಕಾರಿನಿಂದ ಇಳಿಸಿ. ಕಾರಿನ ಮೇಲೆಯೇ ಬಿಚ್ಚಲು ನೋಡಿದರೆ ಸ್ಪ್ಯಾನರ್ ಆಡಲು ಜಾಗವಿರುವುದಿಲ್ಲ. ಬಂಪರನ್ನು ಕಂಬಳಿಯ ಮೇಲೆ ಮುಖ ಕೆಳಗೆ ಮಾಡಿ ಮಲಗಿಸಿ, ಹೊರಗೆ ಚಾಚಿದ ಥ್ರೆಡ್ಡನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಬಿಡಿ. ಮರುದಿನ ಇನ್ನೊಮ್ಮೆ ಎಣ್ಣೆ ಹಾಕಿ ನಟ್ಟನ್ನು ಕಾಲು ಸುತ್ತು ಬಿಚ್ಚಿ, ಹಾಗೇ ಅಷ್ಟೇ ಬಿಗಿದು, ಮತ್ತೆ ಬಿಚ್ಚಿ. ಆಗಲೂ ಬೋಲ್ಟ್ ತಿರುಗಿದರೆ ಥ್ರೆಡ್ಡಿನ ತುದಿಯನ್ನು ಲಾಕಿಂಗ್ ಪ್ಲೈಯರ್‌ನಲ್ಲಿ ಕಚ್ಚಿ ಹಿಡಿಯಿರಿ. ಅದೂ ಆಗದಿದ್ದರೆ ಸಣ್ಣ ಕಟ್ಟಿಂಗ್ ಡಿಸ್ಕಿನಿಂದ ನಟ್ಟಿನ ಒಂದು ಪಕ್ಕವನ್ನು ಸೀಳಿ ಉಳಿಯಿಂದ ಬಿಡಿಸಿ. ಬೋಲ್ಟ್ ಹೋದರೆ ಹೋಗಲಿ, ಹೊಸದು ಸಿಗುತ್ತದೆ. ಮುಂಭಾಗದಿಂದ ಸ್ಕ್ರೂಡ್ರೈವರ್ ತೂರಿಸಿ ಮೀಟುವುದು ಮಾತ್ರ ಬೇಡವೇ ಬೇಡ. ಆ ಮಡಿಕೆ ಎಷ್ಟು ಬಡಿದರೂ ಪೂರ್ತಿ ಹೋಗುವುದಿಲ್ಲ.

ಬಿಚ್ಚಿದ ಪ್ರತಿ ತುಂಡಿನ ಹಿಂದೆ ಟೇಪು ಅಂಟಿಸಿ ಎಡ, ಬಲ, ಮೇಲಂಚು ಎಂದು ಬರೆಯಿರಿ.

ತಗ್ಗು ಬಿದ್ದ ಪಟ್ಟಿಯನ್ನು ಸರಿ ಮಾಡಿ ಮತ್ತೆ ಹೊಳಪಿಸುವುದು ಹೇಗೆ?

ತಗ್ಗನ್ನು ಒಳಗಿನಿಂದ ಎತ್ತಬೇಕು. ಚಾನೆಲ್‌ಗೆ ಸರಿಯಾಗಿ ಕೂರುವಂತೆ ಗಟ್ಟಿ ಮರದ ತುಂಡೊಂದನ್ನು ಕೆತ್ತಿಕೊಳ್ಳಿ. ತೇಗ ಆಗುತ್ತದೆ, ಬೀಟೆ ಇನ್ನೂ ಒಳ್ಳೆಯದು. ಪಟ್ಟಿಯ ಮುಖವನ್ನು ಚರ್ಮ ಹೊದಿಸಿದ ಹಲಗೆಯ ಮೇಲಿಟ್ಟು, ಮರದ ತುಂಡನ್ನು ತಗ್ಗಿನ ಹಿಂದಿಟ್ಟು, ಸಣ್ಣ ಸುತ್ತಿಗೆಯಿಂದ ಅದರ ಮೇಲೆ ಹಗುರವಾಗಿ ತಟ್ಟಿ. ತಗ್ಗಿನ ಅಂಚಿನಿಂದ ಶುರುಮಾಡಿ ನಡುವಿಗೆ ಬನ್ನಿ. ನೇರವಾಗಿ ನಡುವಿಗೆ ಹೊಡೆದರೆ ಲೋಹ ಹಿಗ್ಗಿ ತಗ್ಗಿದ್ದಲ್ಲಿ ಉಬ್ಬು ಬರುತ್ತದೆ.

ಹಳೆಯ ಆನೋಡೈಸಿಂಗ್ ಪದರ ಇರುವಾಗಲೇ ಉಜ್ಜಲು ಹೋಗಬೇಡಿ. ಆ ಪದರ ಅಲ್ಯೂಮಿನಿಯಂ ಆಕ್ಸೈಡ್, ಹಲವು ಉಜ್ಜುಕಾಗದಗಳಲ್ಲಿರುವ ಹರಳೂ ಅದೇ ಜಾತಿಯದು. ಗಂಟೆಗಟ್ಟಲೆ ಉಜ್ಜಿದರೂ ಅಲ್ಲಲ್ಲಿ ಉಳಿದು ಮಚ್ಚೆಯಾಗುತ್ತದೆ. ಆನೋಡೈಸಿಂಗ್ ಅಂಗಡಿಯವರಿಗೇ ಕೊಟ್ಟು ಪದರ ತೆಗೆಸುವುದು ಉತ್ತಮ. ಅವರು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿ, ಆಮೇಲೆ ಮೇಲೆ ಕೂರುವ ಕಪ್ಪು ಮಸಿಯನ್ನು ಆಮ್ಲದಲ್ಲಿ ತೊಳೆದು ಕೊಡುತ್ತಾರೆ. ಕಾಸ್ಟಿಕ್‌ನಲ್ಲಿ ಹೈಡ್ರೋಜನ್ ಏಳುತ್ತದೆ, ದ್ರಾವಣ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಹೆಚ್ಚು ಹೊತ್ತು ಬಿಟ್ಟರೆ ಪಟ್ಟಿಯೂ ತೆಳುವಾಗುತ್ತದೆ. ಮನೆಯ ಹಿತ್ತಲಲ್ಲಿ ಮಾಡುವ ಕೆಲಸವಲ್ಲ ಇದು.

ಪದರ ಹೋದ ಮೇಲೆ 400, 600, 800, 1200 ನಂಬರಿನ ಉಜ್ಜುಕಾಗದಗಳಿಂದ ಒಂದಾದ ಮೇಲೊಂದರಂತೆ ನೀರು ಹಾಕಿ ಉಜ್ಜುತ್ತ ಹೋಗಿ. ಪ್ರತಿ ಸಲ ಹಿಂದಿನ ಕಾಗದದ ಗೀರು ಪೂರ್ತಿ ಹೋದ ಮೇಲೆಯೇ ಮುಂದಿನದು. ಕೊನೆಗೆ ಬಟ್ಟೆಯ ಬಫ್ ಚಕ್ರ. ಪಟ್ಟಿ ತೆಳ್ಳಗಿರುವುದರಿಂದ ಚಕ್ರದ ಕೆಳಗೆ ಬೇಗ ಕಾಯುತ್ತದೆ. ಹಲಗೆಗೆ ಬಿಗಿದು ಹಿಡಿಯದಿದ್ದರೆ ಚಕ್ರ ತುದಿಯನ್ನು ಕಚ್ಚಿ ಎಳೆದು ಇಡೀ ಪಟ್ಟಿಯನ್ನು ಸುರುಳಿ ಮಾಡಿಬಿಡುತ್ತದೆ. ಈ ಹಂತದಲ್ಲಿ ಕೈಬಿಟ್ಟುಹೋದ ಪಟ್ಟಿಗಳಿಗೆ ಲೆಕ್ಕವಿಲ್ಲ.

ಆನೋಡೈಸಿಂಗ್ ಗೀರನ್ನು ಮುಚ್ಚುವುದಿಲ್ಲ, ಇದ್ದದ್ದನ್ನು ಇದ್ದ ಹಾಗೇ ತೋರಿಸುತ್ತದೆ. ಹಾಗಾಗಿ ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನೋಡಿ ತೃಪ್ತಿಯಾದ ಮೇಲೆಯೇ ಕಳಿಸಿ. ಹೊಳಪಿನ ಆನೋಡೈಸಿಂಗ್, ಸುಮಾರು 8ರಿಂದ 12 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪ, ಎಲ್ಲ ತುಂಡುಗಳೂ ಒಂದೇ ತೊಟ್ಟಿಯಲ್ಲಿ ಒಂದೇ ಸಲ ಎಂದು ಸ್ಪಷ್ಟವಾಗಿ ಹೇಳಿ. ಪದರ ದಪ್ಪವಾದಷ್ಟೂ ಹೊಳಪು ಮಂಕಾಗುತ್ತದೆ. ತಿರುವು ಸರಿಮಾಡುವುದೇನಿದ್ದರೂ ಇದಕ್ಕೆ ಮೊದಲೇ ಮುಗಿದಿರಬೇಕು.

ಬಣ್ಣ ಮೊದಲೋ ಪಟ್ಟಿ ಮೊದಲೋ?

ಪಟ್ಟಿಯನ್ನು ಎರಡು ಸಲ ಕೂರಿಸಬೇಕು. ಮೊದಲ ಸಲ ಪ್ರೈಮರ್ ಹಂತದಲ್ಲಿ, ಸುಮ್ಮನೆ ಅಳತೆ ನೋಡಲು. ಎರಡನೆಯ ಸಲ ಬಣ್ಣ ಪೂರ್ತಿ ಒಣಗಿದ ಮೇಲೆ.

ಮೊದಲ ಸಲ ನೋಡುವಾಗ ಬಂಪರೂ ಕಾರಿನ ಮೇಲೆ ಬಿಗಿದಿರಲಿ. ನೆಲದ ಮೇಲಿದ್ದಾಗ ಒಂದು ಆಕಾರ, ಬ್ರಾಕೆಟ್‌ಗೆ ಬಿಗಿದಾಗ ಇನ್ನೊಂದು. ಐವತ್ತು ವರ್ಷದ ಬಂಪರ್ ಒಂದಲ್ಲ ಒಂದು ಸಲ ಏಟು ತಿಂದೇ ಇರುತ್ತದೆ, ಡೆಂಟಿಂಗ್ ಮಾಡಿ ಪುಟ್ಟಿ ಹಾಕಿರುತ್ತಾರೆ. ಕಣ್ಣಿಗೆ ನುಣ್ಣಗೆ ಕಂಡರೂ ಪಟ್ಟಿ ಹಿಡಿದ ಕೂಡಲೇ ಎಲ್ಲಿ ಉಬ್ಬು, ಎಲ್ಲಿ ತಗ್ಗು ಎನ್ನುವುದು ಗೊತ್ತಾಗುತ್ತದೆ. ಆಗ ಸರಿಮಾಡಬೇಕಾದ್ದು ಬಂಪರನ್ನೇ ಹೊರತು ಪಟ್ಟಿಯನ್ನಲ್ಲ. ಹಳೆಯ ಮೂಲ ಪಟ್ಟಿ ನಿಮ್ಮ ಕೈಲಿದ್ದರೆ ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಪುಟ್ಟಿ ಉಜ್ಜಿಸಬಹುದು.

ಬಣ್ಣವಾದ ಮೇಲೆ ರಂಧ್ರಗಳ ಒಳ ಅಂಚನ್ನು ನೋಡಿ. ಬರಿ ಉಕ್ಕು ಕಂಡರೆ ಸಣ್ಣ ಕುಂಚದಿಂದ ಪ್ರೈಮರ್ ಮತ್ತು ಬಣ್ಣ ಮುಟ್ಟಿಸಿ. ಪಟ್ಟಿಯ ಹಿಂದೆ ತುಕ್ಕು ಹುಟ್ಟುವುದು ಆ ಅಂಚಿನಲ್ಲೇ.

ಹೊಸ ಪಟ್ಟಿ ಬಂಪರಿನ ತಿರುವಿಗೆ ಕೂರುತ್ತಿಲ್ಲ. ನಟ್ ಬಿಗಿದರೆ ಎಳೆದುಕೊಳ್ಳುವುದಿಲ್ಲವೇ?

ಎಳೆದುಕೊಳ್ಳುತ್ತದೆ, ಅಪಾಯವೂ ಅದರಲ್ಲೇ ಇದೆ. ಬೋಲ್ಟ್ ಇರುವಲ್ಲಿ ಪಟ್ಟಿ ಬಂಪರಿಗೆ ತಾಗುತ್ತದೆ, ಎರಡು ಬೋಲ್ಟ್‌ಗಳ ನಡುವೆ ಕಮಾನಿನಂತೆ ಎದ್ದು ನಿಲ್ಲುತ್ತದೆ. ಹೊಳಪಿನ ಮೇಲ್ಮೈ ಆದ್ದರಿಂದ ಬೆಳಕು ಅಲೆಅಲೆಯಾಗಿ ಒಡೆದು ಕಾಣುತ್ತದೆ. ದಿನ ಕಳೆದಂತೆ ಟಿ-ಬೋಲ್ಟ್‌ನ ತಲೆ ಚಾನೆಲ್‌ನ ತುಟಿಯನ್ನು ಬಿಡಿಸಿಕೊಂಡು ಹೊರಬರುತ್ತದೆ. ಪಟ್ಟಿಯ ಅಂಚು ಬಣ್ಣವನ್ನೂ ಕೊರೆಯುತ್ತದೆ.

ಬಿಗಿಯದೆ ಸುಮ್ಮನೆ ಹಿಡಿದಾಗ ಉದ್ದಕ್ಕೂ ಎಲ್ಲೂ 2 ಮಿ.ಮೀ.ಗಿಂತ ಹೆಚ್ಚು ಸಂದು ಇಲ್ಲದಿದ್ದರೆ ಬೋಲ್ಟ್‌ಗಳಿಗೆ ಬಿಡಬಹುದು. ಅದಕ್ಕಿಂತ ಹೆಚ್ಚಿದ್ದರೆ ಕೈಯಲ್ಲೇ ಬಾಗಿಸಬೇಕು. ಚಾನೆಲ್ ಮುಚ್ಚಿಕೊಳ್ಳದಂತೆ ಅದರೊಳಗೆ ಸರಿಯಾದ ದಪ್ಪದ ನೈಲಾನ್ ಪಟ್ಟಿ ತೂರಿಸಿ, ರಬ್ಬರ್ ಕೂರುವ ಜಾಗಕ್ಕೆ ಹಳೆಯ ರಬ್ಬರನ್ನೇ ತುಂಬಿ. ಮರದ ಹಲಗೆಯನ್ನು ಬೇಕಾದ ತಿರುವಿಗಿಂತ ತುಸು ಹೆಚ್ಚು ಬಾಗಿನಲ್ಲಿ ಕತ್ತರಿಸಿ ಬಟ್ಟೆ ಹೊದಿಸಿ. ಬಿಟ್ಟ ಮೇಲೆ ಪಟ್ಟಿ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ, ಹೆಚ್ಚು ಬಾಗಿಸುವುದು ಅದಕ್ಕಾಗಿ. ಹತ್ತು ಹದಿನೈದು ಸೆಂಟಿಮೀಟರಿನಷ್ಟೇ ಒಂದು ಸಲಕ್ಕೆ ಒತ್ತಿ, ಬಂಪರಿಗೆ ಹಿಡಿದು ನೋಡಿ, ಮತ್ತೆ ಒತ್ತಿ. ಒಂದೇ ಜಾಗವನ್ನು ಹಿಂದೆ ಮುಂದೆ ಬಾಗಿಸುತ್ತಿದ್ದರೆ ಅಲ್ಯೂಮಿನಿಯಂ ಗಡುಸಾಗಿ ಸೀಳುತ್ತದೆ.

ಆನೋಡೈಸ್ ಆಗಿಯೇ ಬಂದ ಪಟ್ಟಿಗೆ ಒಂದು ಮಿತಿ ಇದೆ. ಆ ಪದರ ಗಾಜಿನಂತೆ, ಬಾಗುವುದಿಲ್ಲ, ಬಿರಿಯುತ್ತದೆ. ತಿರುವಿನ ಹೊರಮೈಯಲ್ಲಿ ಕೂದಲೆಳೆಯಂಥ ಗೆರೆಗಳು ಕಂಡರೆ ಅವು ಹೋಗುವುದಿಲ್ಲ. ಪದರ ತೆಗೆಸಿ, ಬಾಗಿಸಿ, ಮತ್ತೆ ಹಾಕಿಸಬೇಕು. ಹೆಚ್ಚು ಬಾಗಿಸುವ ಅಗತ್ಯವಿದೆ ಎಂದು ಮೊದಲೇ ಗೊತ್ತಾದರೆ ಆನೋಡೈಸ್ ಮಾಡದ ಪಟ್ಟಿಯನ್ನೇ ಕೇಳಿ ತರಿಸಿ.

ಕಾಯಿಸಿ ಮೆತ್ತಗೆ ಮಾಡಿಕೊಳ್ಳಬಹುದೇ?

ಆನೋಡೈಸ್ ಇಲ್ಲದ ಪಟ್ಟಿಯನ್ನು, ತುದಿಯ ಬಿಗಿ ತಿರುವಿನಲ್ಲಿ ಮಾತ್ರ. ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಾಗಿ ಎಚ್ಚರಿಸುವುದಿಲ್ಲ, ಸುಮಾರು 660 ಡಿಗ್ರಿಯಲ್ಲಿ ಇದ್ದಕ್ಕಿದ್ದಂತೆ ಕುಸಿದು ಕರಗುತ್ತದೆ. ತಗಡು ಕೆಲಸದವರ ಹಳೆಯ ಉಪಾಯವೆಂದರೆ ಒಣ ಬಟ್ಟೆ ಸೋಪನ್ನು ಮೇಲೆ ಉಜ್ಜಿ, ಮೆತ್ತನೆಯ ಉರಿಯನ್ನು ಆಡಿಸುತ್ತಾ ಕಾಯಿಸುವುದು. ಸೋಪಿನ ಗುರುತು ಗಾಢ ಕಂದು ಬಣ್ಣಕ್ಕೆ ತಿರುಗಿದೊಡನೆ ಉರಿ ತೆಗೆದು ತಣಿಯಲು ಬಿಡಬೇಕು. ಮೊದಲು ಕತ್ತರಿಸಿ ಉಳಿದ ತುಂಡಿನ ಮೇಲೆ ಕೈ ಪಳಗಿಸಿಕೊಳ್ಳಿ. ಹೀಗೆ ಹದ ಮಾಡಿದ ಜಾಗ ಆಮೇಲೂ ಮೆತ್ತಗೇ ಇರುತ್ತದೆ, ಮೊಣಕಾಲು ತಾಗಿದರೂ ತಗ್ಗು ಬೀಳುತ್ತದೆ. ಇಡೀ ಪಟ್ಟಿಯನ್ನು ಕಾಯಿಸಬೇಡಿ ಎನ್ನುವುದು ಅದಕ್ಕೇ.

ರಂಧ್ರಗಳು ಹೊಂದುತ್ತಿಲ್ಲ ಅಥವಾ ಹೊಸ ಬಂಪರಿನಲ್ಲಿ ರಂಧ್ರವೇ ಇಲ್ಲ.

ಟಿ-ಬೋಲ್ಟ್ ಚಾನೆಲ್‌ನಲ್ಲಿ ಅತ್ತಿತ್ತ ಜಾರುತ್ತದೆ. ಆದ್ದರಿಂದ ಅಡ್ಡ ಅಳತೆಯಲ್ಲಿ ರಂಧ್ರ ಹೊಂದದಿರುವುದು ಸಾಧ್ಯವೇ ಇಲ್ಲ. ಹೊಂದದಿರುವುದು ಎತ್ತರ. ರಂಧ್ರ ಒಂದೆರಡು ಮಿ.ಮೀ. ಮೇಲೆ ಕೆಳಗೆ ಇದ್ದರೆ ಗುಂಡು ಅರದಿಂದ ಆ ದಿಕ್ಕಿಗೆ ಉಜ್ಜಿ, ಅಗಲ ವಾಷರಿನಿಂದ ಮುಚ್ಚಿ. ಪಟ್ಟಿಯಲ್ಲಿ ಮಾತ್ರ ಎಲ್ಲೂ ರಂಧ್ರ ಕೊರೆಯಬೇಡಿ.

ರಂಧ್ರವಿಲ್ಲದ ಬಂಪರಿಗೆ ಮಾಸ್ಕಿಂಗ್ ಟೇಪು ಅಂಟಿಸಿ, ಹಳೆಯ ಬಂಪರಿನ ಮೇಲಂಚಿನಿಂದ ಪಟ್ಟಿಯ ನಡುಗೆರೆಗೆ ಎಷ್ಟು ದೂರ ಎಂದು ಐದಾರು ಕಡೆ ಅಳೆದು ಇಲ್ಲಿ ಗುರುತಿಸಿ. ಗೆರೆ ಎಳೆದು, ಬಂಪರನ್ನು ಕಾರಿಗೆ ಬಿಗಿದು, ಮೂರು ನಾಲ್ಕು ಮೀಟರ್ ಹಿಂದೆ ಸರಿದು ಕುಕ್ಕುರುಗಾಲಲ್ಲಿ ಕುಳಿತು ನೋಡಿ. ಟೇಪಿನ ಮೇಲೆ ಓರೆ ಕಂಡದ್ದು ಪಟ್ಟಿಯ ಮೇಲೂ ಓರೆ ಕಾಣುತ್ತದೆ. ಹಳೆಯ ಬಂಪರ್ ಸಿಗದಿದ್ದರೆ 15ರಿಂದ 20 ಸೆಂ.ಮೀ.ಗೆ ಒಂದು ಬೋಲ್ಟ್, ತುದಿಯಿಂದ 3–4 ಸೆಂ.ಮೀ. ಒಳಗೆ ಒಂದು ಎಂದು ಇಟ್ಟುಕೊಳ್ಳಿ. ಮೊದಲು 3 ಮಿ.ಮೀ., ಆಮೇಲೆ ಎಂ5 (5 ಮಿ.ಮೀ. ದಪ್ಪದ) ಬೋಲ್ಟ್‌ಗೆ 6 ಮಿ.ಮೀ. ರಂಧ್ರ. ಹೊರಗಿನಿಂದ ಒಳಕ್ಕೆ ಕೊರೆದು, ಒಳಗೆ ಎದ್ದ ಚೂಪು ಅಂಚನ್ನು ಉಜ್ಜಿ, ಪ್ರೈಮರ್ ಹಚ್ಚಿ.

ಎಂಥ ಬೋಲ್ಟ್, ನಟ್, ವಾಷರ್ ಬಳಸಬೇಕು? ಎಷ್ಟು ಬಿಗಿಯಬೇಕು?

ಸ್ಟೇನ್‌ಲೆಸ್ ಟಿ-ಬೋಲ್ಟ್. ಕೊಳ್ಳುವ ಮೊದಲು ಚಾನೆಲ್‌ನ ಒಳ ಅಗಲವನ್ನು ಕ್ಯಾಲಿಪರ್‌ನಿಂದ ಅಳೆಯಿರಿ. ತಲೆ ಸಡಿಲವಿದ್ದರೆ ತಿರುಗುತ್ತದೆ, ಅರ್ಧ ಮಿ.ಮೀ.ಗಿಂತ ಹೆಚ್ಚು ಆಟ ಇರಬಾರದು. ಬಂಪರಿನ ಒಳಗೆ ಮೊದಲು ನೈಲಾನ್ ವಾಷರ್, ಅದರ ಮೇಲೆ ಅಗಲ ಸ್ಟೇನ್‌ಲೆಸ್ ವಾಷರ್, ಹಲ್ಲಿನ ವಾಷರ್, ಸಾದಾ ನಟ್.

ನೈಲಾನ್ ಉಂಗುರವಿರುವ ಲಾಕ್ ನಟ್ ಬೇಡ. ಅದು ಥ್ರೆಡ್ಡಿನ ಉದ್ದಕ್ಕೂ ಬಿಗಿಯಾಗಿಯೇ ತಿರುಗುವುದರಿಂದ ಬೋಲ್ಟನ್ನೂ ತಿರುಗಿಸಿ ಚಾನೆಲ್ ಹಾಳುಮಾಡುತ್ತದೆ. ಅದರ ಬದಲು ಮಧ್ಯಮ ಬಲದ ಥ್ರೆಡ್ ಲಾಕ್ (ನಟ್ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಸಾಕು.

ಬಿಗಿಯುವುದು ಎಂ5ಕ್ಕೆ ಸುಮಾರು 2 ನ್ಯೂಟನ್ ಮೀಟರ್, ಎಂದರೆ 8 ಮಿ.ಮೀ. ಸ್ಪ್ಯಾನರನ್ನು ನಟ್ಟಿನ ಹತ್ತಿರವೇ ಎರಡು ಬೆರಳಲ್ಲಿ ಹಿಡಿದು ನಿಲ್ಲುವಷ್ಟು. ಎಲ್ಲ ನಟ್ಟುಗಳನ್ನೂ ಮೊದಲು ಕೈಯಲ್ಲಿ ಹತ್ತಿಸಿ. ನಡುವಿನದನ್ನು ತುಸು ಬಿಗಿದು, ಅದರ ಎಡದ್ದು, ಬಲದ್ದು, ಹೀಗೆ ತುದಿಗೆ ಹೋಗಿ. ತುದಿಯಿಂದ ಶುರುಮಾಡಿದರೆ ಉಳಿದ ಉದ್ದವೆಲ್ಲ ನಡುವಿನಲ್ಲಿ ಉಬ್ಬಿ ನಿಲ್ಲುತ್ತದೆ. ಎರಡನೆಯ ಸುತ್ತಿನಲ್ಲಿ ಪೂರ್ತಿ ಬಿಗಿಯಿರಿ.

ಪಟ್ಟಿಗೂ ಬಣ್ಣಕ್ಕೂ ನಡುವೆ ಏನಾದರೂ ಹಾಕಬೇಕೇ?

ಹಾಕಬೇಕು. ಅಲ್ಯೂಮಿನಿಯಂ ಮತ್ತು ಉಕ್ಕು ತಾಗಿಕೊಂಡಿದ್ದು ನಡುವೆ ಉಪ್ಪು ನೀರು ಸೇರಿದರೆ ಅದು ಸಣ್ಣ ಬ್ಯಾಟರಿಯೇ. ಸವೆಯುವುದು ಅಲ್ಯೂಮಿನಿಯಂ, ಹಿಂಬದಿಯಲ್ಲಿ ಕಾಣುವ ಬಿಳಿ ಪುಡಿ ಅದರದ್ದೇ. ಬಣ್ಣ ಕೆರೆದಿರುವಲ್ಲಿ ಉಕ್ಕೂ ತುಕ್ಕು ಹಿಡಿಯುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ದೇಶಗಳಿಂದ ಬಂದ ಕಾರುಗಳಲ್ಲಿ ಇದು ಸಾಮಾನ್ಯ, ಮಂಗಳೂರು ಉಡುಪಿ ಕಡೆಯ ಕಡಲಗಾಳಿಯಲ್ಲಿ ನಿಂತ ಕಾರಿಗೂ ತಪ್ಪಿದ್ದಲ್ಲ.

ಪಟ್ಟಿ ಕೂರುವ ಗೆರೆಯ ಉದ್ದಕ್ಕೂ ಬಣ್ಣ ರಕ್ಷಿಸುವ ಪಾರದರ್ಶಕ ಫಿಲ್ಮನ್ನು ಪಟ್ಟಿಗಿಂತ 1 ಮಿ.ಮೀ. ಕಿರಿದಾಗಿ ಕತ್ತರಿಸಿ ಅಂಟಿಸಿ. ಬೋಲ್ಟ್‌ಗಳ ತಲೆಗೆ ತುಕ್ಕು ತಡೆಯುವ ಗ್ರೀಸ್ ಅಥವಾ ಮೇಣ ಹಚ್ಚಿ, ಥ್ರೆಡ್ ಲಾಕ್ ಬೀಳುವ ಜಾಗ ಬಿಟ್ಟು. ಸಿಲಿಕೋನ್ ತುಂಬಿ ಮುಚ್ಚಬೇಡಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಆರುವಾಗ ಬಿಡುವ ಆಮ್ಲ ಉಕ್ಕಿಗೆ ಶತ್ರು. ಬೇರೆ ಜಾತಿಯದಾದರೂ ಕೆಳಗಿನ ಅಂಚು ಮುಚ್ಚಿಹೋದರೆ ಒಳಗೆ ಸೇರಿದ ನೀರಿಗೆ ದಾರಿಯಿಲ್ಲ.

ಎರಡು ತುಂಡುಗಳು ಸೇರುವಲ್ಲಿ, ಬಂಪರ್ ಗಾರ್ಡ್ (ಬಂಪರಿನ ಮೇಲೆ ನಿಲ್ಲಿಸುವ ಏಟು ತಡೆಯುವ ತುಂಡು) ಹತ್ತಿರ, ಎಷ್ಟು ಸಂದು ಬಿಡಬೇಕು?

ಒಂದು ಮಿ.ಮೀ. ಬಿಸಿಲಿನಲ್ಲಿ ಲೋಹ ಹಿಗ್ಗುತ್ತದೆ. ಒಂದು ಮೀಟರ್ ಅಲ್ಯೂಮಿನಿಯಂ 40 ಡಿಗ್ರಿ ಏರಿಕೆಗೆ ಸುಮಾರು 0.9 ಮಿ.ಮೀ. ಬೆಳೆಯುತ್ತದೆ, ಅದರ ಹಿಂದಿನ ಉಕ್ಕು ಸುಮಾರು 0.5. ವ್ಯತ್ಯಾಸ ಸಣ್ಣದು, ಆದರೆ ಬೆಳಗಿನ ಚಳಿಯಲ್ಲಿ ತುದಿಗೆ ತುದಿ ಒತ್ತಿ ಕೂರಿಸಿದ ಪಟ್ಟಿ ಮಧ್ಯಾಹ್ನಕ್ಕೆ ಎದ್ದು ನಿಲ್ಲಲು ಅಷ್ಟು ಸಾಕು. ಗಾರ್ಡ್‌ಗಳನ್ನು ಪಟ್ಟಿ ಬಿಗಿದಾದ ಮೇಲೆ ಹಾಕಿ, ಅವುಗಳ ಕೆಳಗಿನ ರಬ್ಬರ್ ಮರೆಯಬೇಡಿ.

ನಡುವಿನ ರಬ್ಬರ್ ಯಾವಾಗ, ಹೇಗೆ ಹಾಕುವುದು?

ತಿರುವು ಸರಿಹೋದ ಮೇಲೆ, ಬಂಪರಿಗೆ ಬಿಗಿಯುವ ಮೊದಲು, ಮೇಜಿನ ಮೇಲೆ. ಬಂಪರಿನ ಮೇಲೆ ಹಾಕಲು ಹೋದರೆ ಕೈ ಜಾರಿ ಬಣ್ಣಕ್ಕೆ ಗೀರು ಬೀಳುತ್ತದೆ. ರಬ್ಬರನ್ನು ಕೈ ತಾಳುವಷ್ಟು ಬಿಸಿ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಪಟ್ಟಿಯಲ್ಲಿ ರಬ್ಬರ್ ಕೂರುವ ತೋಡಿಗೆ ಸೋಪು ನೀರು ಸವರಿ. ರಬ್ಬರಿನ ಒಂದು ಅಂಚನ್ನು ತುಟಿಯ ಕೆಳಗೆ ಸಿಕ್ಕಿಸಿ, ಇನ್ನೊಂದನ್ನು ಮೊಂಡಾದ ಪ್ಲಾಸ್ಟಿಕ್ ಪಟ್ಟಿಯಿಂದ ಒಳಗೆ ದೂಡುತ್ತ ಹೋಗಿ. ಎಣ್ಣೆ, ಗ್ರೀಸ್ ಬಳಸಬೇಡಿ, ಇಂಥ ರಬ್ಬರ್ ಅದನ್ನು ಹೀರಿ ಉಬ್ಬುತ್ತದೆ.

ಎಲ್ಲರೂ ಮಾಡುವ ತಪ್ಪು ಒಂದಿದೆ. ರಬ್ಬರನ್ನು ಎಳೆಯುತ್ತ ಕೂರಿಸುವುದು. ಆ ಹೊತ್ತಿಗೆ ಸಲೀಸಾಗಿ ಕೂರುತ್ತದೆ. ಆಮೇಲೆ ಎಳೆತ ಬಿಟ್ಟಂತೆಲ್ಲ ಹಿಂದೆ ಸರಿದು, ತಿಂಗಳೊಳಗೆ ತುದಿಯಲ್ಲಿ ಬೆರಳಗಲ ಬರಿ ಲೋಹ ಕಾಣುತ್ತದೆ. ಎಳೆಯುವ ಬದಲು ತುಸು ಹಿಂದಕ್ಕೆ ಒತ್ತಿ ತುಂಬಬೇಕು. ಎರಡೂ ತುದಿಯಲ್ಲಿ 10 ಮಿ.ಮೀ. ಹೆಚ್ಚು ಬಿಟ್ಟು, ಪಟ್ಟಿ ಬಿಗಿದು, ಒಂದು ದಿನ ಕಾದು, ಸೋಪು ನೀರಲ್ಲಿ ಅದ್ದಿದ ಹೊಸ ಬ್ಲೇಡಿನಿಂದ ಒಂದೇ ಏಟಿಗೆ ಕತ್ತರಿಸಿ.

ಬೋಲ್ಟ್ ಬದಲು ಎರಡೂ ಕಡೆ ಅಂಟುವ ಟೇಪು ಸಾಕಲ್ಲವೇ?

ಸಾಲದು. ಟೇಪು ಚಪ್ಪಟೆ ಮೈಗೆ ಚೆನ್ನಾಗಿ ಹಿಡಿಯುತ್ತದೆ. ತಿರುವಿನಲ್ಲಿ ಚಿಮ್ಮುವ ಬಲವನ್ನು ಹಗಲಿರುಳು ತಡೆದುಕೊಂಡು ನಿಲ್ಲಲಾರದು, ಬಿಚ್ಚುವಾಗ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಕೊನೆಯ ಬೋಲ್ಟ್‌ನಿಂದಾಚೆ ತುದಿ ಗಾಳಿಗೆ ಅಲುಗುತ್ತಿದ್ದರೆ ಅಲ್ಲಿಗೆ ಎರಡು ಸೆಂಟಿಮೀಟರ್ ಟೇಪು ಹಾಕುವುದಕ್ಕೆ ಅಡ್ಡಿಯಿಲ್ಲ.

ಫೈಬರ್‌ಗ್ಲಾಸ್ ಬಂಪರ್ ಆದರೆ?

ತುಕ್ಕಿನ ಚಿಂತೆ ಇಲ್ಲ. ನಟ್ಟಿನ ಭಾರ ಹರಡುವಂತೆ 20 ಮಿ.ಮೀ.ಗಿಂತ ಅಗಲದ ವಾಷರ್ ಹಾಕಿ, ಇನ್ನೂ ಹಗುರವಾಗಿ ಬಿಗಿಯಿರಿ. ಹೆಚ್ಚು ಬಿಗಿದರೆ ಹೊರಮೈಯ ಬಣ್ಣದಲ್ಲಿ ಜೇಡರ ಬಲೆಯಂತೆ ಬಿರುಕು ಮೂಡುತ್ತದೆ.

ಕೂರಿಸಿದ ಮೇಲೆ ಆರೈಕೆ ಹೇಗೆ?

ಮೊದಲ ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಒಮ್ಮೆ ಮುಟ್ಟಿ ನೋಡಿ. ಒಳಗಿನ ನೈಲಾನ್ ವಾಷರ್ ಅದುಮಿಕೊಂಡು ತುಸು ಸಡಿಲವಾಗಿರುತ್ತವೆ. ತೊಳೆಯಲು ಸಾದಾ ಕಾರ್ ಶಾಂಪೂ ಸಾಕು. ಚಕ್ರ ತೊಳೆಯುವ ಆಮ್ಲದ ದ್ರಾವಣ, ಲಾರಿ ತೊಳೆಯುವ ಕಡೆ ಬಳಸುವ ಕ್ಷಾರದ ಸೋಪು, ಎರಡೂ ಆನೋಡೈಸಿಂಗ್ ಪದರವನ್ನು ತಿನ್ನುತ್ತವೆ. ಬಿಳಿ ಮಚ್ಚೆ ಬಿದ್ದ ಮೇಲೆ ಉಜ್ಜಿ ತೆಗೆಯಲಾಗುವುದಿಲ್ಲ. ಲೋಹ ಹೊಳಪಿಸುವ ಪಾಲಿಶ್ ಆನೋಡೈಸ್ ಆದ ಪಟ್ಟಿಗೆ ಬೇಡ, ಅದು ಪದರವನ್ನೇ ಸವೆಸುತ್ತದೆ. ಆನೋಡೈಸ್ ಮಾಡಿಸದೆ ಬರಿ ಪಾಲಿಶ್‌ನಲ್ಲೇ ಬಿಟ್ಟವರು ಮಾತ್ರ ಅದನ್ನು ಬಳಸಬೇಕು, ಮಳೆಗಾಲದಲ್ಲಿ ಪದೇ ಪದೇ. ಪಟ್ಟಿಯ ಮೇಲಂಚಿನಲ್ಲಿ ಸೇರುವ ಮೇಣ, ದೂಳನ್ನು ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಅಲ್ಲಿ ದೂಳು ಕೂತರೆ ನೀರೂ ನಿಲ್ಲುತ್ತದೆ.